ಟ್ರ್ಯಾಕ್ ಡೇಗೆ ರಸ್ತೆ ಕಾರಿನ ಸಿದ್ಧತೆ

ದಿನನಿತ್ಯ ರಸ್ತೆಯಲ್ಲಿ ಓಡಾಡುವ, ನೋಂದಣಿಯಾಗಿರುವ ಕಾರೊಂದನ್ನು ರೇಸ್ ಸರ್ಕ್ಯೂಟಿನಲ್ಲಿ ಸ್ಪರ್ಧೆಯಿಲ್ಲದೆ, ಆದರೆ ಅದರ ಪೂರ್ಣ ಸಾಮರ್ಥ್ಯದಲ್ಲಿ ಓಡಿಸುವ ಸಲುವಾಗಿ ಪರೀಕ್ಷಿಸಿ, ಸರಿಪಡಿಸಿ, ಬೇಕಾದಲ್ಲಿ ಮಾರ್ಪಡಿಸುವ ಕೆಲಸವೇ ಟ್ರ್ಯಾಕ್ ಡೇ ಸಿದ್ಧತೆ. ಸರ್ಕ್ಯೂಟಿನ ಒಡೆಯರೋ ಮೋಟಾರ್ ಕ್ಲಬ್ಬೋ ಶುಲ್ಕ ಪಡೆದು ಹವ್ಯಾಸಿಗಳಿಗೆ ಟ್ರ್ಯಾಕನ್ನು ಬಿಟ್ಟುಕೊಡುವ ದಿನಕ್ಕೆ ಟ್ರ್ಯಾಕ್ ಡೇ ಎಂದು ಹೆಸರು. ಅಲ್ಲಿ ಎದುರಿನಿಂದ ವಾಹನ ಬರುವುದಿಲ್ಲ. ಅಡ್ಡರಸ್ತೆ, ಹಂಪು, ದನಕರು, ಪಾದಚಾರಿಗಳ ಅಡಚಣೆಯಿಲ್ಲ. ಗೆಲುವು ಸೋಲಿನ ಲೆಕ್ಕವೂ ಇಲ್ಲ. ರೇಸ್ ಕಾರು ಲಾರಿಯ ಮೇಲೆ ಬಂದು ಲಾರಿಯ ಮೇಲೆಯೇ ಹಿಂದಿರುಗುತ್ತದೆ. ಟ್ರ್ಯಾಕ್ ಡೇಗೆ ಬಂದ ರಸ್ತೆ ಕಾರು ಸಂಜೆ ತನ್ನದೇ ಚಕ್ರಗಳ ಮೇಲೆ ಹೆದ್ದಾರಿ ಹಿಡಿದು ಮನೆ ಸೇರಬೇಕು, ಮರುದಿನ ಆಫೀಸಿಗೂ ಹೋಗಬೇಕು. ಸಿದ್ಧತೆಯ ಎಲ್ಲ ನಿರ್ಧಾರಗಳೂ ಈ ಒಂದು ಸಂಗತಿಗೆ ಕಟ್ಟುಬಿದ್ದಿವೆ.

ಈ ಲೇಖನ ನಾಲ್ಕು ಚಕ್ರದ ವಾಹನಗಳಿಗೆ ಸೀಮಿತವಾಗಿದೆ. ಬೈಕುಗಳ ಟ್ರ್ಯಾಕ್ ಡೇಗೆ ಬೇರೆಯದೇ ನಿಯಮಗಳು, ಬೇರೆಯದೇ ಸಲಕರಣೆಗಳು ಇವೆ.

ಉಗಮ

ಮೋಟಾರ್ ರೇಸಿಗೆಂದೇ ಕಟ್ಟಿದ ಜಗತ್ತಿನ ಮೊದಲ ಸರ್ಕ್ಯೂಟು ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್. ಅದು 1907ರಲ್ಲಿ ತೆರೆಯಿತು. ರಸ್ತೆ ಕಾರಿನ ಒಡೆಯರಿಗೆ ಟ್ರ್ಯಾಕನ್ನು ತೆರೆದಿಟ್ಟ ಹಳೆಯ ಮತ್ತು ಅತಿ ಪ್ರಸಿದ್ಧ ಉದಾಹರಣೆ ಜರ್ಮನಿಯ ನ್ಯೂರ್ಬರ್ಗ್‌ರಿಂಗ್. 1927ರಲ್ಲಿ ಆರಂಭವಾದಾಗಿನಿಂದಲೂ ರೇಸುಗಳಿಲ್ಲದ ಹೊತ್ತಿನಲ್ಲಿ ಅದು ಸುಂಕ ಕೊಟ್ಟು ಪ್ರವೇಶಿಸಬಹುದಾದ ಏಕಮುಖ ರಸ್ತೆಯಾಗಿ ಬಳಕೆಯಾಗುತ್ತಿದೆ. ಅದರ ಉತ್ತರ ಸುತ್ತಿನ ಉದ್ದ 20.8 ಕಿ.ಮೀ. ಸಾರ್ವಜನಿಕ ಓಟದ ವೇಳೆ ಅಲ್ಲಿ ಜರ್ಮನಿಯ ಸಂಚಾರ ಕಾನೂನೇ ಅನ್ವಯವಾಗುತ್ತದೆ, ಬಲಗಡೆಯಿಂದ ಮುಂದೆ ಹಾಯುವಂತಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಕೆಲಸವಿಲ್ಲದೆ ಉಳಿದ ಸೇನಾ ವಿಮಾನನೆಲೆಗಳು ಸರ್ಕ್ಯೂಟುಗಳಾದವು. ಸಿಲ್ವರ್‌ಸ್ಟೋನ್ ಮತ್ತು ಗುಡ್‌ವುಡ್ ಎರಡೂ ಹೀಗೆ ಹುಟ್ಟಿದವು, ಎರಡರಲ್ಲೂ ರೇಸುಗಳು 1948ರಲ್ಲಿ ಶುರುವಾದವು. ವಾರದ ದಿನಗಳಲ್ಲಿ ಖಾಲಿ ಬೀಳುವ ಇಂಥ ಸರ್ಕ್ಯೂಟುಗಳನ್ನು ಹವ್ಯಾಸಿಗಳಿಗೆ ಬಾಡಿಗೆಗೆ ಕೊಡುವ ಪದ್ಧತಿ 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ವ್ಯಾಪಾರವಾಗಿ ಬೆಳೆಯಿತು. ಅಮೆರಿಕದಲ್ಲಿ ಇದೇ ಚಟುವಟಿಕೆ ಕಾರ್ ಕ್ಲಬ್ಬುಗಳ ಚಾಲನಾ ಶಿಕ್ಷಣದ ರೂಪದಲ್ಲಿ ಬೆಳೆಯಿತು; ಹೊಸಬರ ಪಕ್ಕದಲ್ಲಿ ಅನುಭವಿ ಬೋಧಕರೊಬ್ಬರು ಕೂರುವುದು ಅಲ್ಲಿ ರೂಢಿ.

ಭಾರತದಲ್ಲೂ ಕಥೆ ವಿಮಾನಪಟ್ಟಿಯಿಂದಲೇ ತೊಡಗುತ್ತದೆ. ಮದ್ರಾಸಿನ ಬಳಿಯ ಶೋಳಾವರಂನ ಯುದ್ಧಕಾಲದ ರನ್‌ವೇ ಮೇಲೆ ದಶಕಗಳ ಕಾಲ ರೇಸುಗಳು ನಡೆದವು. 1953ರಲ್ಲಿ ಸ್ಥಾಪನೆಯಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿ ಕಟ್ಟಿದ 3.7 ಕಿ.ಮೀ. ಉದ್ದದ ಸರ್ಕ್ಯೂಟು 1990ರಲ್ಲಿ ತೆರೆಯಿತು. ಕೊಯಮತ್ತೂರಿನ ಚೆಟ್ಟಿಪಾಳಯಂನ ಕರಿ ಮೋಟಾರ್ ಸ್ಪೀಡ್‌ವೇ 2003ರದು, ಸುಮಾರು 2.1 ಕಿ.ಮೀ. ಉದ್ದದ ಈ ಟ್ರ್ಯಾಕಿಗೆ, ಭಾರತದಲ್ಲೇ ರೇಸ್ ಕಾರುಗಳನ್ನು ಕಟ್ಟಿದ ಚಾಲಕ ಎಸ್. ಕರಿವರ್ಧನ್ ಅವರ ಹೆಸರಿಟ್ಟಿದ್ದಾರೆ. ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟು 2011ರಲ್ಲಿ ಫಾರ್ಮುಲಾ ಒನ್‌ಗಾಗಿ ನಿರ್ಮಾಣವಾಯಿತು; ಉದ್ದ 5.1 ಕಿ.ಮೀ.ಗೂ ತುಸು ಹೆಚ್ಚು.

ಕರ್ನಾಟಕದ ಮೋಟಾರ್ ಕ್ರೀಡೆಯ ಬಲ ಮೊದಲಿನಿಂದಲೂ ರ‍್ಯಾಲಿಗಳದ್ದು. ಕೆ-1000 ರ‍್ಯಾಲಿ ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯ ಓಟಗಳು ಇದಕ್ಕೆ ಸಾಕ್ಷಿ. ಟಾರು ಸರ್ಕ್ಯೂಟಿನ ಮೋಹವಿರುವ ಬೆಂಗಳೂರು, ಮೈಸೂರಿನ ಹವ್ಯಾಸಿಗಳು ಗಡಿ ದಾಟಿ ತಮಿಳುನಾಡಿಗೆ ಹೋಗುತ್ತಾರೆ. ಇರುಂಗಾಟ್ಟುಕೋಟ್ಟೈ ಚೆನ್ನೈ ಹೆದ್ದಾರಿಯ ಪಕ್ಕದಲ್ಲೇ ಇರುವುದರಿಂದ ಬೆಂಗಳೂರಿನಿಂದ ಸುಮಾರು 300 ಕಿ.ಮೀ. ದೂರದ ಪ್ರಯಾಣ. ಹೋಗಿ ಬರುವ ಈ ದೂರವೂ ಕಾರಿನ ಸಿದ್ಧತೆಯ ಲೆಕ್ಕಕ್ಕೆ ಸೇರಬೇಕು.

ರಸ್ತೆಯ ಓಟ, ಟ್ರ್ಯಾಕಿನ ಓಟ

ರಸ್ತೆಯಲ್ಲಿ ಕಾರಿನ ಯಾವ ಭಾಗವೂ ಹೆಚ್ಚು ಹೊತ್ತು ತನ್ನ ಮಿತಿಯಲ್ಲಿ ದುಡಿಯುವುದಿಲ್ಲ. ಗಟ್ಟಿಯಾಗಿ ಬ್ರೇಕ್ ಹಾಕಿದರೂ ಮುಂದಿನ ಬ್ರೇಕಿಗೆ ಮೊದಲು ತಣ್ಣಗಾಗಲು ಸಮಯ ಸಿಗುತ್ತದೆ. ಟ್ರ್ಯಾಕಿನಲ್ಲಿ ಆ ಬಿಡುವು ಇಲ್ಲ. ಹದಿನೈದು ಇಪ್ಪತ್ತು ನಿಮಿಷಗಳ ಒಂದು ಸೆಷನ್ನಿನಲ್ಲಿ ಇಂಜಿನ್ ಬಹುಪಾಲು ಹೊತ್ತು ಕೆಂಪು ಗೆರೆಯ ಆಸುಪಾಸಿನಲ್ಲಿ ಸುತ್ತುತ್ತದೆ, ಪ್ರತಿ ತಿರುವಿಗೂ ಬ್ರೇಕು ಪೂರ್ತಿ ಬಲದಿಂದ ದುಡಿಯುತ್ತದೆ, ಟೈರು ತಿರುವಿನಿಂದ ತಿರುವಿಗೆ ಬಿಸಿಯೇರುತ್ತ ಹೋಗುತ್ತದೆ.

ವ್ಯತ್ಯಾಸದ ಗಾತ್ರ ತಿಳಿಯಲು ಸಣ್ಣ ಲೆಕ್ಕವೊಂದು ಸಾಕು. ಚಾಲಕನೂ ಸೇರಿ 1,000 ಕೆ.ಜಿ. ತೂಗುವ ಕಾರು ಗಂಟೆಗೆ 60 ಕಿ.ಮೀ. ವೇಗದಿಂದ ಪೂರ್ತಿ ನಿಂತಾಗ ಬ್ರೇಕುಗಳಲ್ಲಿ ಹುಟ್ಟುವ ಶಾಖ ಸುಮಾರು 1.4 ಲಕ್ಷ ಜೌಲ್. ಅದೇ ಕಾರನ್ನು ನೇರ ಹಾದಿಯ ಕೊನೆಯಲ್ಲಿ 160 ಕಿ.ಮೀ. ವೇಗದಿಂದ 60ಕ್ಕೆ ಇಳಿಸಿದರೆ ಹುಟ್ಟುವುದು ಸುಮಾರು 8.5 ಲಕ್ಷ ಜೌಲ್, ಅಂದರೆ ಆರು ಪಟ್ಟು. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ ಎಂಬ ನಿಯಮದ ಫಲವಿದು. ತಿರುವಿನಲ್ಲಿಯೂ ಹೀಗೆಯೇ: ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ಕಾರಿನ ಮೇಲೆ ಅಡ್ಡಡ್ಡವಾಗಿ ಬೀಳುವ ಬಲ ಗುರುತ್ವದ ಕಾಲುಭಾಗವನ್ನು ಅಪರೂಪಕ್ಕೆ ಮೀರಿದರೆ, ಒಳ್ಳೆಯ ರಸ್ತೆ ಟೈರಿರುವ ಕಾರು ಟ್ರ್ಯಾಕಿನಲ್ಲಿ ಗುರುತ್ವದ ಶೇ. 80ನ್ನೂ ಮುಟ್ಟುತ್ತದೆ.

ಆದ್ದರಿಂದ ಟ್ರ್ಯಾಕ್ ಡೇ ಸಿದ್ಧತೆ ಎಂದರೆ ಮುಖ್ಯವಾಗಿ ಶಾಖವನ್ನು ನಿಭಾಯಿಸುವ ಕೆಲಸ. ಇಂಜಿನ್ ಶಕ್ತಿ ಹೆಚ್ಚಿಸುವುದು ಈ ಕೆಲಸದ ಭಾಗವಲ್ಲ. ಶಕ್ತಿ ಹೆಚ್ಚಿದಷ್ಟೂ ನೇರದ ಕೊನೆಯ ವೇಗ ಏರಿ, ಮೊದಲೇ ಹಿಂದೆ ಬಿದ್ದಿರುವ ಬ್ರೇಕಿನ ಮೇಲಿನ ಹೊರೆ ಇನ್ನಷ್ಟು ಹೆಚ್ಚುತ್ತದೆ.

ಸಿದ್ಧತೆಯ ಪ್ರಕಾರಗಳು

ಸಿದ್ಧತೆಯಲ್ಲಿ ಮೂರು ಮಟ್ಟಗಳನ್ನು ಗುರುತಿಸುವುದು ವಾಡಿಕೆ. ಮೊದಲನೆಯದು ಬರಿಯ ಸರ್ವಿಸು: ಕಂಪನಿಯಿಂದ ಬಂದಂತೆಯೇ ಇರುವ ಕಾರಿನಲ್ಲಿ ಸವೆದದ್ದನ್ನು ಬದಲಿಸಿ, ದ್ರವಗಳನ್ನು ಹೊಸದಾಗಿಸಿ, ಬಿಗಿಗಳನ್ನು ಪರೀಕ್ಷಿಸಿ ಹೊರಡುವುದು. ಎರಡನೆಯದರಲ್ಲಿ ಬ್ರೇಕ್ ಪ್ಯಾಡು, ಬ್ರೇಕ್ ಆಯಿಲು, ಟೈರು, ಅಲೈನ್‌ಮೆಂಟುಗಳು ಟ್ರ್ಯಾಕಿಗೆ ತಕ್ಕಂತೆ ಬದಲಾಗುತ್ತವೆ. ಕಾರು ರಸ್ತೆಗೂ ಯೋಗ್ಯವಾಗಿಯೇ ಉಳಿಯುತ್ತದೆ. ಮೂರನೆಯದರಲ್ಲಿ ಹಿಂದಿನ ಸೀಟು ಕಿತ್ತು, ರೋಲ್ ಕೇಜು ಕೂರಿಸಿ, ಸಸ್ಪೆನ್ಷನ್ ಬದಲಿಸುತ್ತಾರೆ. ಆ ಹಂತ ಮುಟ್ಟಿದ ವಾಹನ ರಸ್ತೆ ಕಾರೆಂಬ ಹೆಸರನ್ನು ಬಹುಮಟ್ಟಿಗೆ ಕಳೆದುಕೊಂಡಿರುತ್ತದೆ. ಮೊದಲ ಸಲ ಹೋಗುವವರಿಗೆ ಮೊದಲ ಮಟ್ಟವೇ ಸಾಕು. ಸುಸ್ಥಿತಿಯಲ್ಲಿರುವ ಸಾಧಾರಣ ಹ್ಯಾಚ್‌ಬ್ಯಾಕು, ಸರ್ವಿಸು ತಪ್ಪಿಸಿಕೊಂಡ ದುಬಾರಿ ಸ್ಪೋರ್ಟ್ಸ್ ಕಾರಿಗಿಂತ ಟ್ರ್ಯಾಕಿನಲ್ಲಿ ಹೆಚ್ಚು ಹೊತ್ತು ಓಡುತ್ತದೆ.

ಬ್ರೇಕ್

ರಸ್ತೆ ಕಾರು ಟ್ರ್ಯಾಕಿನಲ್ಲಿ ಮೊದಲು ಸೋಲುವುದು ಬ್ರೇಕಿನಲ್ಲಿ. ಸೋಲು ಎರಡು ಬಗೆಯದು, ಎರಡರ ಲಕ್ಷಣವೂ ಬೇರೆ.

ಮೊದಲನೆಯದು ಪ್ಯಾಡಿನ ಸೋಲು. ಪ್ಯಾಡಿನ ವಸ್ತು ತನ್ನ ಮಿತಿ ಮೀರಿ ಬಿಸಿಯಾದಾಗ ಅದನ್ನು ಹಿಡಿದಿಟ್ಟಿರುವ ಅಂಟು ಶಾಖಕ್ಕೆ ಒಡೆದು ಅನಿಲ ಬಿಡುತ್ತದೆ. ಪ್ಯಾಡಿಗೂ ಡಿಸ್ಕಿಗೂ ನಡುವಿನ ಘರ್ಷಣೆ ಇಳಿಯುತ್ತದೆ. ಪೆಡಲು ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಕಾರು ಮಾತ್ರ ನಿಧಾನವಾಗುವುದಿಲ್ಲ. ಎರಡನೆಯದು ಬ್ರೇಕ್ ಆಯಿಲಿನ ಸೋಲು. ಶಾಖ ಪ್ಯಾಡಿನಿಂದ ಕ್ಯಾಲಿಪರಿಗೆ, ಅಲ್ಲಿಂದ ಆಯಿಲಿಗೆ ಹರಿದು ಆಯಿಲು ಕುದಿಯುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಹೀಗಾಗಿ ಪೆಡಲು ಮೆತ್ತಗಾಗಿ ನೆಲದವರೆಗೂ ಇಳಿದುಹೋಗುತ್ತದೆ. ಎರಡರಲ್ಲಿ ಇದು ಹೆಚ್ಚು ಅಪಾಯಕರ, ಮತ್ತು ತಡೆಯಲು ಅತಿ ಕಡಿಮೆ ಖರ್ಚಿನದು.

ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವ ಗುಣದ್ದು. ಡಾಟ್ 3 ದರ್ಜೆಯ ಆಯಿಲು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು, ಸುಮಾರು ಶೇ. 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ರೇಸಿಗೆಂದು ಬರುವ ಡಾಟ್ 4 ಆಯಿಲುಗಳು ಹೊಸದಾಗಿದ್ದಾಗ 300 ಡಿಗ್ರಿಯನ್ನೂ ದಾಟುತ್ತವೆ. ಸಿಲಿಕೋನಿನಿಂದ ಮಾಡಿದ ಡಾಟ್ 5 ಬೇರೆಯೇ ಜಾತಿ. ಉಳಿದವುಗಳೊಂದಿಗೆ ಅದನ್ನು ಬೆರೆಸಬಾರದು, ಟ್ರ್ಯಾಕಿಗೆ ಬಳಸಲೂಬಾರದು. ಎರಡು ವರ್ಷ ಹಳೆಯದಾದ ಒಳ್ಳೆಯ ಆಯಿಲಿಗಿಂತ ಕಳೆದ ವಾರ ತುಂಬಿಸಿದ ಸಾಮಾನ್ಯ ಡಾಟ್ 4 ಮೇಲು. ನಮ್ಮ ಮಳೆಗಾಲದ ತೇವವನ್ನು ನೆನೆದರೆ ಈ ಮಾತಿಗೆ ಇನ್ನಷ್ಟು ತೂಕ ಬರುತ್ತದೆ. ಹೊಸ ಆಯಿಲು ತುಂಬಿಸಿದ ಮೇಲೆ ನಾಲ್ಕೂ ಚಕ್ರಗಳಲ್ಲಿ ಗಾಳಿಗುಳ್ಳೆ ಉಳಿಯದಂತೆ ಬ್ಲೀಡ್ ಮಾಡಿಸಬೇಕು. ಡಬ್ಬಿ ಒಮ್ಮೆ ತೆರೆದರೆ ಉಳಿದದ್ದನ್ನು ಮುಂದಿನ ಟ್ರ್ಯಾಕ್ ಡೇಗೆ ಎತ್ತಿಡುವಂತಿಲ್ಲ.

ಪ್ಯಾಡುಗಳು ಸಾವಯವ, ಅರೆಲೋಹ, ಸೆರಾಮಿಕ್ ಎಂದು ಹಲವು ಬಗೆ. ರಸ್ತೆಯ ಪ್ಯಾಡು ತಣ್ಣಗಿದ್ದಾಗಲೇ ಚೆನ್ನಾಗಿ ಹಿಡಿಯುತ್ತದೆ, ಸದ್ದು ಮಾಡುವುದಿಲ್ಲ. ಟ್ರ್ಯಾಕಿನ ಶಾಖ ಅದಕ್ಕೆ ಆಗದು. ರೇಸ್ ಪ್ಯಾಡಿನ ನಡವಳಿಕೆ ತಿರುಗುಮುರುಗು: ಬಿಸಿಯಾಗುವವರೆಗೆ ಹಿಡಿತ ಕಡಿಮೆ, ಕೀರಲು ಸದ್ದು, ಡಿಸ್ಕಿನ ಸವೆತ ಹೆಚ್ಚು. ಬೆಳಗಿನ ಜಾವ ಕೋರಮಂಗಲದ ಸಿಗ್ನಲಿನಲ್ಲಿ ಅಂಥ ಪ್ಯಾಡು ನಂಬಿಕೆಗೆ ಯೋಗ್ಯವಲ್ಲ. ಇವೆರಡರ ನಡುವಿನ, ರಸ್ತೆಗೂ ಟ್ರ್ಯಾಕಿಗೂ ಒಗ್ಗುವ ಪ್ಯಾಡುಗಳು ಹವ್ಯಾಸಿಗಳಿಗೆ ಸೂಕ್ತ. ಕೆಲವರು ಟ್ರ್ಯಾಕಿನ ಬಳಿಯೇ ಪ್ಯಾಡು ಬದಲಿಸಿ, ಸಂಜೆ ಹಳೆಯದನ್ನೇ ಮತ್ತೆ ಹಾಕಿಕೊಂಡು ಹೊರಡುತ್ತಾರೆ. ಬಗೆ ಯಾವುದಾದರೂ ಇರಲಿ, ಬೆಳಗ್ಗೆ ಪ್ಯಾಡಿನ ದಪ್ಪ ಅರ್ಧಕ್ಕಿಂತ ಹೆಚ್ಚು ಉಳಿದಿರಬೇಕು. ತೆಳುವಾದ ಪ್ಯಾಡು ಬೇಗ ಸವೆಯುವುದಷ್ಟೇ ಅಲ್ಲ, ಶಾಖವನ್ನು ಆಯಿಲಿಗೆ ಇನ್ನೂ ಸುಲಭವಾಗಿ ಸಾಗಿಸುತ್ತದೆ. ಹೊಸ ಪ್ಯಾಡನ್ನು ತಯಾರಕರು ಹೇಳಿದ ಕ್ರಮದಲ್ಲಿ ಹಂತಹಂತವಾಗಿ ಬಿಸಿ ಮಾಡಿ ಹದಕ್ಕೆ ತರದೆ ಟ್ರ್ಯಾಕಿಗೆ ಇಳಿಸಿದರೆ ಮೊದಲ ಕೆಲವು ಸುತ್ತುಗಳಲ್ಲೇ ಅದು ಹಿಡಿತ ಬಿಡಬಹುದು.

ಡಿಸ್ಕಿನ ಮೇಲ್ಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಶಾಖದಿಂದ ಮೂಡುವುದು ಸಹಜ. ಬಿರುಕು ಡಿಸ್ಕಿನ ಅಂಚಿನವರೆಗೆ ಚಾಚಿದ್ದರೆ ಅದನ್ನು ಆಗಲೇ ಬದಲಿಸಬೇಕು. ಭಾರತದ ಹೆಚ್ಚಿನ ಸಣ್ಣ ಕಾರುಗಳಲ್ಲಿ ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುತ್ತದೆ. ಬ್ರೇಕ್ ಹಾಕಿದಾಗ ತೂಕ ಮುಂದಕ್ಕೆ ವಾಲಿ, ಕೆಲಸದ ಬಹುಪಾಲು ಮುಂದಿನ ಡಿಸ್ಕುಗಳ ಮೇಲೆ ಬೀಳುವುದರಿಂದ ಅದು ದೊಡ್ಡ ಕೊರತೆಯಲ್ಲ. ರಬ್ಬರ್ ಹೋಸುಗಳಲ್ಲಿ ಉಬ್ಬು, ಸೀಳು ಇದೆಯೇ ಎಂದು ಕೈಯಿಂದ ಬಗ್ಗಿಸಿ ನೋಡಬೇಕು. ಉಕ್ಕಿನ ಹೆಣಿಗೆಯ ಹೋಸು ಹಾಕಿದರೆ ಪೆಡಲಿನ ಸ್ಪರ್ಶ ಬಿಗಿಯಾಗುತ್ತದೆ. ನಿಲ್ಲುವ ದೂರವೇನೂ ಕಡಿಮೆಯಾಗದು.

ಟೈರ್ ಮತ್ತು ಚಕ್ರ

ಕಾರಿನ ಅಷ್ಟೂ ಭಾರ, ಬ್ರೇಕು, ತಿರುವು ನೆಲ ಮುಟ್ಟುವುದು ಅಂಗೈಯಗಲದ ನಾಲ್ಕು ಜಾಗಗಳ ಮೂಲಕ. ಟೈರಿನ ಪರೀಕ್ಷೆ ವಯಸ್ಸಿನಿಂದ ತೊಡಗಬೇಕು. ಬದಿಯಲ್ಲಿ ಅಚ್ಚಾಗಿರುವ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. 2322 ಎಂದಿದ್ದರೆ 2022ರ 23ನೆಯ ವಾರ. ಗೆರೆ ಆಳವಾಗಿದ್ದರೂ ವಯಸ್ಸಾದ ರಬ್ಬರು ಗಡುಸಾಗಿರುತ್ತದೆ. ಬದಿಯಲ್ಲಿ ಉಬ್ಬು, ಸೀಳು ಇರುವ ಟೈರು, ಭುಜದ ಬಳಿ ಪಂಕ್ಚರ್ ಹಾಕಿಸಿದ ಟೈರು, ರೀಟ್ರೆಡ್ ಟೈರು ಇವು ಮೂರೂ ಟ್ರ್ಯಾಕಿಗೆ ವರ್ಜ್ಯ. ವೇಗದ ಅಕ್ಷರವನ್ನೂ ಗಮನಿಸಬೇಕು: ಟಿ ಎಂದರೆ 190, ಎಚ್ ಎಂದರೆ 210, ವಿ ಎಂದರೆ 240 ಕಿ.ಮೀ. ಮಿತಿ.

ಬಳಕೆಯಲ್ಲಿರುವುದು ಸಾಮಾನ್ಯ ರಸ್ತೆ ಟೈರು, ಹೆಚ್ಚು ಹಿಡಿತದ ರಸ್ತೆ ಟೈರು, ಸೆಮಿ ಸ್ಲಿಕ್ ಮತ್ತು ಸ್ಲಿಕ್. ಗೆರೆಗಳೇ ಇಲ್ಲದ ಸ್ಲಿಕ್ಕನ್ನು ರಸ್ತೆಯಲ್ಲಿ ಬಳಸುವಂತಿಲ್ಲ. ಭಾರತದಲ್ಲಿ ಕಾರಿನ ಟೈರಿನ ಗೆರೆ ಕನಿಷ್ಠ 1.6 ಮಿ.ಮೀ. ಆಳವಿರಬೇಕು. ಸೆಮಿ ಸ್ಲಿಕ್ಕಿನ ಹಿಡಿತ ಆಕರ್ಷಕವೇ ಸರಿ, ಆದರೆ ಅದು ತಿರುವಿನ ಬಲವನ್ನು ಹೆಚ್ಚಿಸಿ ಸಸ್ಪೆನ್ಷನ್, ವೀಲ್ ಬೇರಿಂಗ್, ಇಂಜಿನ್ ಆಯಿಲು ಇವೆಲ್ಲವುಗಳ ಮೇಲೆ ಹೊಸ ಹೊರೆ ಹಾಕುತ್ತದೆ. ಕಲಿಯುವ ಹಂತದಲ್ಲಿರುವವರಿಗೆ ಸಾಮಾನ್ಯ ಟೈರು ಒಳ್ಳೆಯ ಗುರು; ಹಿಡಿತ ಬಿಡುವ ಮೊದಲು ಅದು ಕಿರುಚಿ ಎಚ್ಚರಿಸುತ್ತದೆ, ನಿಧಾನವಾಗಿ ಜಾರುತ್ತದೆ.

ಗಾಳಿಯ ಒತ್ತಡದ ವಿಷಯದಲ್ಲಿ ಗೊಂದಲ ಹೆಚ್ಚು. ಮುಚ್ಚಿದ ಟೈರಿನೊಳಗಿನ ಗಾಳಿ ಬಿಸಿಯಾದಂತೆ ಒತ್ತಡ ಏರುತ್ತದೆ. 30 ಡಿಗ್ರಿಯ ಬೆಳಗಿನಲ್ಲಿ 30 ಪಿಎಸ್‌ಐ ತುಂಬಿಸಿದ ಟೈರಿನ ಒಳಗಾಳಿ 80 ಡಿಗ್ರಿಗೆ ಏರಿದರೆ ಒತ್ತಡ ಸುಮಾರು 37 ಪಿಎಸ್‌ಐ ಆಗುತ್ತದೆ. ಉಬ್ಬಿದ ಟೈರು ನೆಲ ಮುಟ್ಟುವ ಜಾಗ ಕಿರಿದಾಗಿ ಕಾರು ತೇಲಿದಂತೆ ಜಾರತೊಡಗುತ್ತದೆ. ಆದ್ದರಿಂದ ಸೆಷನ್ನಿನಿಂದ ಹೊರಬಂದ ಕೂಡಲೇ, ಬಿಸಿಯಿರುವಾಗಲೇ ನಾಲ್ಕೂ ಟೈರುಗಳನ್ನು ಅಳೆದು ಬೇಕಾದ ಮಟ್ಟಕ್ಕೆ ಇಳಿಸುತ್ತಾರೆ. ತಣ್ಣಗಿರುವಾಗಲೇ ಅತಿಯಾಗಿ ಇಳಿಸುವುದು ತಪ್ಪು. ಮೊದಲ ಸುತ್ತುಗಳಲ್ಲಿ ಟೈರಿನ ಬದಿ ಮಡಚಿಕೊಂಡು ಭುಜ ಸವೆಯುತ್ತದೆ. ಟೈರಿನ ಭುಜದ ಮೇಲೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದು, ಅದು ಎಲ್ಲಿಯವರೆಗೆ ಅಳಿಸಿದೆ ಎಂದು ನೋಡುವುದು ಹಳೆಯ, ಈಗಲೂ ನೆಚ್ಚಬಹುದಾದ ಉಪಾಯ.

ವೀಲ್ ನಟ್ಟುಗಳನ್ನು ಕಾರಿನ ಕೈಪಿಡಿಯಲ್ಲಿ ಹೇಳಿದ ಬಿಗಿಗೆ ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಪಂಕ್ಚರ್ ಅಂಗಡಿಯ ಗಾಳಿ ಗನ್ನಿಗೆ ಅಳತೆ ತಿಳಿಯದು. ಕಡಿಮೆ ಬಿಗಿಯಷ್ಟೇ ಅತಿ ಬಿಗಿಯೂ ಕೆಡುಕು, ಸ್ಟಡ್ಡು ಹಿಗ್ಗಿ ಮುರಿಯಬಹುದು. ಬಿಸಿಯಾಗಿ ತಣ್ಣಗಾದ ಚಕ್ರದ ನಟ್ಟು ಸಡಿಲಗೊಳ್ಳುವುದುಂಟು, ಹಾಗಾಗಿ ಸೆಷನ್ನುಗಳ ನಡುವೆ ಮತ್ತೆ ನೋಡಬೇಕು. ಪ್ಲಾಸ್ಟಿಕ್ ವೀಲ್ ಕ್ಯಾಪುಗಳನ್ನು ಮನೆಯಲ್ಲೇ ಬಿಚ್ಚಿಡಬೇಕು.

ಇಂಜಿನ್, ತಂಪು ವ್ಯವಸ್ಥೆ, ಗೇರ್‌ಬಾಕ್ಸ್

ಸರ್ವಿಸಿನ ಅವಧಿ ಹತ್ತಿರವಿದ್ದರೆ ಇಂಜಿನ್ ಆಯಿಲನ್ನು ಮೊದಲೇ ಬದಲಿಸಿ, ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿನವರೆಗೆ ತುಂಬಿಸುತ್ತಾರೆ. ಉದ್ದನೆಯ ತಿರುವಿನಲ್ಲಿ ಸಂಪಿನ ಆಯಿಲೆಲ್ಲ ಒಂದು ಬದಿಗೆ ಸರಿದು, ಪಂಪಿನ ಬಾಯಿಗೆ ಗಾಳಿ ಸಿಕ್ಕಿ, ಕ್ಷಣಕಾಲ ಬೇರಿಂಗುಗಳಿಗೆ ಆಯಿಲು ತಪ್ಪುತ್ತದೆ. ಮಟ್ಟ ಕಡಿಮೆಯಿದ್ದರೆ ಈ ಅಪಾಯ ಹೆಚ್ಚು. ಗುರುತಿಗಿಂತ ಮೇಲೆ ತುಂಬಿಸಿದರೆ ಕ್ರ್ಯಾಂಕ್ ಶಾಫ್ಟು ಆಯಿಲನ್ನು ಕಡೆದು ನೊರೆ ಮಾಡುತ್ತದೆ. ಪೆಟ್ರೋಲಿಗೂ ಇದೇ ತರ್ಕ: ಟ್ಯಾಂಕು ಕಾಲುಭಾಗಕ್ಕಿಂತ ಕೆಳಗಿಳಿದರೆ ತಿರುವಿನಲ್ಲಿ ಇಂಜಿನ್ ತಡವರಿಸಬಹುದು. ಟ್ರ್ಯಾಕಿನಲ್ಲಿ ಮೈಲೇಜು ರಸ್ತೆಯ ಅರ್ಧಕ್ಕಿಂತಲೂ ಕೆಳಗಿಳಿಯುವುದರಿಂದ ಹತ್ತಿರದ ಪೆಟ್ರೋಲ್ ಬಂಕು ಎಲ್ಲಿದೆ ಎಂದು ಮೊದಲೇ ತಿಳಿದಿರಬೇಕು.

ಚೆನ್ನೈಯ ಬಿಸಿಲಿನಲ್ಲಿ ರೇಡಿಯೇಟರಿನ ಆರೋಗ್ಯ ದೊಡ್ಡ ಮಾತು. ಕೂಲೆಂಟಿನ ಮಟ್ಟ ಮತ್ತು ವಯಸ್ಸು, ಹೋಸುಗಳ ಕ್ಲಿಪ್ಪು, ಫ್ಯಾನು, ರೇಡಿಯೇಟರ್ ಮುಚ್ಚಳದ ರಬ್ಬರು ಇಷ್ಟನ್ನೂ ನೋಡಬೇಕು. ಮುಚ್ಚಳ ಒತ್ತಡ ಹಿಡಿಯದಿದ್ದರೆ ಕೂಲೆಂಟು ಬೇಗ ಕುದಿಯುತ್ತದೆ. ಹೆದ್ದಾರಿಯ ಹುಳು, ಧೂಳು ಕಟ್ಟಿದ ರೇಡಿಯೇಟರ್ ಜಾಲರಿಯನ್ನು ನೀರಿನಿಂದ ತೊಳೆಯುವುದು ಕಾಸಿಲ್ಲದ ಒಳ್ಳೆಯ ಸಿದ್ಧತೆ. ಓಡುವಾಗ ಎ.ಸಿ. ಆರಿಸಿಟ್ಟರೆ ಇಂಜಿನ್ನಿನ ಹೊರೆ ತಗ್ಗುತ್ತದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲು ಬೇಗ ಬಿಸಿಯೇರುತ್ತದೆ, ಆಗ ಕಾರು ತಾನಾಗಿಯೇ ಶಕ್ತಿ ಇಳಿಸಿಕೊಳ್ಳಬಹುದು. ಅಂಥ ಕಾರುಗಳಿಗೆ ಸೆಷನ್ನು ಚಿಕ್ಕದಿರಬೇಕು. ಮ್ಯಾನುಯಲ್ ಕಾರಿನಲ್ಲಿ ಕ್ಲಚ್ಚು ಜಾರುತ್ತಿದ್ದರೆ ಟ್ರ್ಯಾಕಿಗೆ ಹೋಗುವುದೇ ಬೇಡ.

ಬ್ಯಾಟರಿ ಅಲುಗದಂತೆ ಕ್ಲ್ಯಾಂಪಿನಲ್ಲಿ ಕೂತಿರಬೇಕು. ಯಾವ ದ್ರವವೂ ಸೋರಬಾರದು. ಟ್ರ್ಯಾಕಿನ ಮೇಲೆ ಚೆಲ್ಲಿದ ಆಯಿಲು, ಕೂಲೆಂಟು ಹಿಂದೆ ಬರುವವರ ಪ್ರಾಣಕ್ಕೆ ಕುತ್ತು.

ಸಸ್ಪೆನ್ಷನ್ ಮತ್ತು ಅಲೈನ್‌ಮೆಂಟ್

ಜಾಕಿ ಏರಿಸಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದಾಗ ಆಟವಿದ್ದರೆ ಬೇರಿಂಗು ಅಥವಾ ಬಾಲ್ ಜಾಯಿಂಟು ಸವೆದಿದೆ ಎಂದರ್ಥ. ಎಡಬಲಕ್ಕೆ ಅಲುಗಿದರೆ ಟೈ ರಾಡಿನ ತುದಿಯನ್ನು ಶಂಕಿಸಬೇಕು. ಡ್ರೈವ್ ಶಾಫ್ಟಿನ ರಬ್ಬರ್ ಬೂಟು ಹರಿದಿದ್ದರೆ ಗ್ರೀಸು ಚಿಮ್ಮಿ ಬ್ರೇಕ್ ಡಿಸ್ಕಿನ ಮೇಲೆ ಬೀಳುತ್ತದೆ. ಸೋರುವ ಶಾಕ್ ಅಬ್ಸಾರ್ಬರ್, ಸೀಳಿದ ಬುಷ್ಷುಗಳನ್ನು ಬದಲಿಸಬೇಕು.

ಅಲೈನ್‌ಮೆಂಟಿನಲ್ಲಿ ಮುಖ್ಯವಾದುದು ಕ್ಯಾಂಬರ್, ಅಂದರೆ ಎದುರಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ. ತಿರುವಿನಲ್ಲಿ ಕಾರು ಹೊರಕ್ಕೆ ವಾಲಿದಾಗ ಹೊರಚಕ್ರದ ಹೊರಭುಜದ ಮೇಲೆಯೇ ಭಾರವೆಲ್ಲ ಬೀಳುತ್ತದೆ; ಚಕ್ರದ ಮೇಲ್ತುದಿಯನ್ನು ಒಂದೆರಡು ಡಿಗ್ರಿ ಒಳಕ್ಕೆ ವಾಲಿಸಿದ್ದರೆ ಟೈರಿನ ಪೂರ್ತಿ ಅಗಲ ನೆಲ ಹಿಡಿಯುತ್ತದೆ. ಸಾಮಾನ್ಯ ಸಣ್ಣ ಕಾರುಗಳ ಮುಂದಿನ ಸ್ಟ್ರಟ್ಟುಗಳಲ್ಲಿ ಈ ಹೊಂದಾಣಿಕೆಗೆ ಅವಕಾಶ ಕಡಿಮೆ, ಕ್ಯಾಂಬರ್ ಬೋಲ್ಟುಗಳಿಂದ ಸ್ವಲ್ಪ ಸಿಗುತ್ತದೆ. ಅತಿಯಾದರೆ ಹೆದ್ದಾರಿಯ ನೇರ ಓಟದಲ್ಲಿ ಒಳಭುಜ ಸವೆಯುತ್ತದೆ. ಸ್ಪ್ರಿಂಗು ಕತ್ತರಿಸಿ ಕಾರನ್ನು ತಗ್ಗಿಸುವ ಗ್ಯಾರೇಜು ಪದ್ಧತಿ ಅಪಾಯಕಾರಿ. ಅದರಿಂದ ಕಾರಿನ ಹಿಡಿತ ಕೆಡುತ್ತದೆ.

ಚಾಲಕರ ಸುರಕ್ಷತೆ

ಕಾರಿನೊಳಗೆ ಸಡಿಲವಾಗಿರುವ ಯಾವ ವಸ್ತುವೂ ಉಳಿಯಬಾರದು: ನೀರಿನ ಬಾಟಲು, ಫೋನು, ಡ್ಯಾಶ್‌ಬೋರ್ಡಿನ ದೇವರ ಮೂರ್ತಿ, ಡಿಕ್ಕಿಯ ಸ್ಟೆಪ್ನಿ ಮತ್ತು ಜಾಕಿ. ಚಾಲಕರ ಕಾಲಡಿಯ ಮ್ಯಾಟನ್ನು ತಪ್ಪದೆ ತೆಗೆಯಬೇಕು. ಅದು ಸರಿದು ಪೆಡಲಿನ ಅಡಿಗೆ ಸಿಕ್ಕಿಕೊಂಡರೆ ಬ್ರೇಕು ಒತ್ತಲಾಗದು. ಎಳೆಯುವ ಕೊಂಡಿಯನ್ನು ಮುಂದಿನ ಬಂಪರಿಗೆ ಸಿಕ್ಕಿಸಿಡುವುದು ನಿಯಮ, ಜಲ್ಲಿಯಲ್ಲಿ ಸಿಕ್ಕಿಬಿದ್ದ ಕಾರನ್ನು ಹೊರಗೆಳೆಯಲು ಅದು ಬೇಕು.

ಹೆಲ್ಮೆಟ್ ಕಡ್ಡಾಯ. ಐಎಸ್ 4151 ಗುರುತಿನ ದ್ವಿಚಕ್ರ ಹೆಲ್ಮೆಟ್ಟಿಗೂ ಕಾರು ರೇಸಿನ ಹೆಲ್ಮೆಟ್ಟಿಗೂ ಇರುವ ಮುಖ್ಯ ವ್ಯತ್ಯಾಸ ಬೆಂಕಿಯ ಪರೀಕ್ಷೆ. ಸ್ನೆಲ್ ಸಂಸ್ಥೆಯ ಎಸ್‌ಎ ದರ್ಜೆಯವು ಅದರಲ್ಲಿ ತೇರ್ಗಡೆಯಾಗಿರುತ್ತವೆ. ಯಾವುದನ್ನು ಒಪ್ಪುತ್ತಾರೆ ಎಂಬುದನ್ನು ಆಯೋಜಕರಿಂದಲೇ ತಿಳಿಯಬೇಕು. ಹತ್ತಿಯ ತುಂಬುತೋಳಿನ ಬಟ್ಟೆ, ತೆಳು ಅಟ್ಟೆಯ ಮುಚ್ಚಿದ ಶೂ ಸಾಕು. ಕರಗಿ ಮೈಗೆ ಅಂಟುವ ಪಾಲಿಯೆಸ್ಟರ್ ಬೇಡ.

ನಾಲ್ಕು ಅಥವಾ ಆರು ಕೊಂಡಿಯ ಹಾರ್ನೆಸ್ಸನ್ನು ಸಾಮಾನ್ಯ ಸೀಟಿಗೆ ಕಟ್ಟಿಕೊಳ್ಳುವುದು ಗಂಭೀರ ತಪ್ಪು. ಕಾರು ಮಗುಚಿ ಚಾವಣಿ ಕುಸಿದರೆ ಮೂಲ ಬೆಲ್ಟು ದೇಹವನ್ನು ಪಕ್ಕಕ್ಕೆ ಬಾಗಲು ಬಿಡುತ್ತದೆ, ಹಾರ್ನೆಸ್ಸು ನೆಟ್ಟಗೆ ಹಿಡಿದಿಡುತ್ತದೆ. ರೋಲ್ ಕೇಜು ಮತ್ತು ರೇಸ್ ಸೀಟು ಜೊತೆಗಿಲ್ಲದಿದ್ದರೆ ಏರ್‌ಬ್ಯಾಗಿನೊಂದಿಗೆ ಹೊಂದಿಸಿ ಮಾಡಿದ ಮೂಲ ಬೆಲ್ಟೇ ಕ್ಷೇಮ.

ಟ್ರ್ಯಾಕಿನ ದಿನ ಮತ್ತು ಮರುಪ್ರಯಾಣ

ಬೆಳಗ್ಗೆ ಆಯೋಜಕರ ಕಡೆಯ ಪರಿಶೀಲಕರು ಸೋರಿಕೆ, ಟೈರು, ಬ್ಯಾಟರಿ, ನಟ್ಟು, ಬೆಲ್ಟುಗಳನ್ನು ನೋಡಿ ಕಾರಿಗೆ ಒಪ್ಪಿಗೆ ಕೊಡುತ್ತಾರೆ. ಬಳಿಕ ಚಾಲಕರ ಸಭೆ. ಅದಕ್ಕೆ ಗೈರಾದವರನ್ನು ಟ್ರ್ಯಾಕಿಗೆ ಬಿಡುವುದಿಲ್ಲ. ಬಾವುಟಗಳ ಅರ್ಥ ಅಲ್ಲಿ ಹೇಳುತ್ತಾರೆ: ಹಳದಿ ಎಂದರೆ ಮುಂದೆ ಅಪಾಯ, ನಿಧಾನಿಸಿ, ಮುಂದೆ ಹಾಯಬೇಡಿ, ಕೆಂಪು ಎಂದರೆ ಸೆಷನ್ ನಿಂತಿದೆ, ನೀಲಿ ಎಂದರೆ ಹಿಂದೆ ವೇಗದ ಕಾರಿದೆ, ಹಳದಿಯ ಮೇಲೆ ಕೆಂಪು ಪಟ್ಟೆ ಎಂದರೆ ನೆಲ ಜಾರುತ್ತದೆ, ಕಪ್ಪು ಬಾವುಟ ಕಂಡವರು ಪಿಟ್ಟಿಗೆ ಬರಬೇಕು. ಮುಂದೆ ಹಾಯುವುದು ಗೊತ್ತುಮಾಡಿದ ನೇರಗಳಲ್ಲಿ, ಮುಂದಿನವರು ಕೈಸನ್ನೆಯಿಂದ ದಾರಿ ಬಿಟ್ಟ ಮೇಲೆ ಮಾತ್ರ.

ಮೊದಲ ಸುತ್ತು ಟೈರು, ಬ್ರೇಕು, ಆಯಿಲು ಬಿಸಿಯಾಗಲು. ಕೊನೆಯ ಸುತ್ತು ಅವು ತಣಿಯಲು. ಕೊನೆಯ ಸುತ್ತಿನಲ್ಲಿ ಬ್ರೇಕ್ ಮುಟ್ಟದಷ್ಟು ನಿಧಾನವಾಗಿ ಬರಬೇಕು. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲೋ ಮರದ ತುಂಡೋ ಒತ್ತುಕೊಡುತ್ತಾರೆ. ಕಾದ ಪ್ಯಾಡನ್ನು ಡಿಸ್ಕಿಗೋ ಡ್ರಮ್ಮಿಗೋ ಒತ್ತಿಟ್ಟರೆ ಅದು ಅಲ್ಲೇ ಅಂಟಿ ಕಲೆಗಟ್ಟುತ್ತದೆ. ಬಾನೆಟ್ ತೆರೆದಿಡಬೇಕು. ಕಾದ ರೇಡಿಯೇಟರಿನ ಮುಚ್ಚಳ ತೆರೆಯಬಾರದು.

ಊರಿಗೆ ಹೊರಡುವ ಮುನ್ನ ಇನ್ನೊಂದು ತಪಾಸಣೆ ಬೇಕು, ದಣಿವಿನಲ್ಲಿ ಹೆಚ್ಚಿನವರು ಮರೆಯುವುದು ಇದನ್ನೇ. ಬಿಸಿಯಲ್ಲಿ ಗಾಳಿ ಇಳಿಸಿದ ಟೈರು ತಣ್ಣಗಾದಾಗ ಕಂಪನಿ ಹೇಳಿದ ಒತ್ತಡಕ್ಕಿಂತ ಕೆಳಗಿರುತ್ತದೆ. ಹಾಗೆಯೇ ಹೆದ್ದಾರಿಯಲ್ಲಿ ಓಡಿಸಿದರೆ ಟೈರು ಸಿಡಿಯಬಹುದು. ಗಾಳಿ ತುಂಬಿಸಿ, ನಟ್ಟು ಬಿಗಿದು, ಪ್ಯಾಡಿನ ದಪ್ಪ, ಆಯಿಲು, ಕೂಲೆಂಟು ನೋಡಿ, ಬ್ರೇಕ್ ಪೆಡಲು ಬೆಳಗಿನಷ್ಟೇ ಗಟ್ಟಿಯಿದೆಯೇ ಎಂದು ಒತ್ತಿ ಪರೀಕ್ಷಿಸಬೇಕು. ಮೆತ್ತಗಿದ್ದರೆ ಮತ್ತೆ ಬ್ಲೀಡ್ ಮಾಡದೆ ಹೊರಡುವಂತಿಲ್ಲ. ಪ್ಯಾಡು ಲೋಹದ ತಟ್ಟೆಯ ಸಮೀಪ ಬಂದಿದ್ದರೆ ಕಾರನ್ನು ಲಾರಿಯ ಮೇಲೆ ಹೇರಿ ತರುವುದೇ ಸರಿಯಾದ ದಾರಿ.

ಇಂದಿನ ಸ್ಥಿತಿ

ಭಾರತದಲ್ಲಿ ಟ್ರ್ಯಾಕ್ ಡೇಗಳನ್ನು ಕ್ಲಬ್ಬುಗಳು, ಚಾಲನಾ ಶಾಲೆಗಳು, ಕಾರು ಕಂಪನಿಗಳು ನಡೆಸುತ್ತವೆ. ಸಂಘಟಿತ ಸ್ಪರ್ಧೆಗಳಿಗೆ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬುಗಳ ಒಕ್ಕೂಟದ ಮನ್ನಣೆ ಮತ್ತು ಚಾಲಕರ ಲೈಸೆನ್ಸು ಬೇಕು. ಸ್ಪರ್ಧೆಯಲ್ಲದ ಟ್ರ್ಯಾಕ್ ಡೇಗೆ ಸಾಮಾನ್ಯವಾಗಿ ಸಾರಿಗೆ ಇಲಾಖೆಯ ಚಾಲನಾ ಪರವಾನಗಿ ಸಾಕಾಗುತ್ತದೆ. ವಿದ್ಯುತ್ ಕಾರುಗಳು ಈ ಕ್ಷೇತ್ರಕ್ಕೆ ಹೊಸ ಪ್ರಶ್ನೆಗಳನ್ನು ತಂದಿವೆ. ಬ್ಯಾಟರಿಯ ತೂಕದಿಂದಾಗಿ ಟೈರಿನ ಮೇಲಿನ ಹೊರೆ ಹೆಚ್ಚು. ಮೋಟಾರಿನ ಮೂಲಕವೇ ವೇಗ ಇಳಿಯುವುದರಿಂದ ಪ್ಯಾಡಿನ ಹೊರೆ ಒಂದಿಷ್ಟು ಕಡಿಮೆ. ಬ್ಯಾಟರಿ ಬಿಸಿಯಾದಾಗ ಕಾರು ತಾನೇ ಶಕ್ತಿ ತಗ್ಗಿಸಿಕೊಳ್ಳುತ್ತದೆ. ಪೆಟ್ರೋಲ್ ಇಂಜಿನ್ನಿನ ಬೆಂಕಿಗೆ ತಯಾರಾದ ಅಗ್ನಿಶಾಮಕ ವ್ಯವಸ್ಥೆ ಲಿಥಿಯಂ ಬ್ಯಾಟರಿಯ ಬೆಂಕಿಗೆ ಸಾಲದು.

ಮಾರ್ಪಾಡಿಗೆ ಕಾನೂನಿನ ಗಡಿಯಿದೆ. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ನಿನ ಪ್ರಕಾರ ನೋಂದಣಿ ಪತ್ರದಲ್ಲಿ ನಮೂದಾಗಿರುವ ತಯಾರಕರ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಸಾಮಾನ್ಯ ಮೋಟಾರು ವಿಮೆಯ ಪಾಲಿಸಿಗಳು ಸಂಘಟಿತ ರೇಸು ಮತ್ತು ವೇಗ ಪರೀಕ್ಷೆಯ ಬಳಕೆಯನ್ನು ಹೊರಗಿಡುವುದರಿಂದ, ಟ್ರ್ಯಾಕಿನಲ್ಲಿ ಆದ ಹಾನಿಯ ಖರ್ಚು ಒಡೆಯರದೇ ಎಂದು ಎಣಿಸಿ ಹೊರಡಬೇಕು. ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸು ಅಥವಾ ವೇಗದ ಪರೀಕ್ಷೆ ನಡೆಸುವುದು ಇದೇ ಕಾಯ್ದೆಯ 189ನೆಯ ಸೆಕ್ಷನ್ನಿನಡಿ ಅಪರಾಧ. 2019ರ ತಿದ್ದುಪಡಿಯಂತೆ ಮೊದಲ ಸಲಕ್ಕೆ ಮೂರು ತಿಂಗಳವರೆಗಿನ ಸೆರೆವಾಸ, 5,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು.